ಅವಕಾಶವಿರುವುದಿಲ್ಲ

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನನ್ನ ತಂದೆ ಕೋದಂಡರಾಮಪ್ಪನವರ ಕೊಲೆ ಕೇಸು ನಡೆಸಲು ಸರ್ಕಾರವು ವಕೀಲರಿಗೆ ಒಟ್ಟು ಎಷ್ಟು ಹಣ ಕೊಟ್ಟಿದೆ, ಕೊಡದೆ ನಿಲ್ಲಿಸಿದ್ದರೆ ಏಕೆ ನಿಲ್ಲಿಸಿದೆ, ಅದಕ್ಕೆ ಸಂಬಂಧಿಸಿದ ಎಲ್ಲ ಹಾಳೆಗಳ ನಕಲು ಕೊಡಬೇಕಾಗಿ ವಿನಂತಿ. ಕೆಳಗೆ ಚಂದನ ಕೆ. ಎಂದು ಸಹಿ, ಗೌನಿಪಲ್ಲಿಯ ವಿಳಾಸ, ಒಂದು ಮೊಬೈಲ್ ನಂಬರು. ಅಕ್ಷರಗಳು ದುಂಡಗಿದ್ದವು, ‘ಕೊಲೆ’ ಎಂಬ ಪದವೂ ಅಷ್ಟೇ ದುಂಡಗಿತ್ತು. ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ಎಂಟೂಕಾಲರ ಬಸ್ಸಿನಲ್ಲಿ, ತೊಡೆಯ ಮೇಲೆ ಊಟದ ಚೀಲ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ ರಾಮಚಂದ್ರನಿಗೆ ಅದೆಲ್ಲ ಈಗ ಬಾಯಿಪಾಠವಾಗಿತ್ತು. ಇಪ್ಪತ್ತಾರು ದಿನಗಳಿಂದ ಆ ಅರ್ಜಿ ಅವನ ಮೇಜಿನ ಮೇಲಿತ್ತು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಿನ್ನೆ ಅವನೇ ಆ ನಂಬರಿಗೆ ಫೋನ್ ಮಾಡಿ, ಪೋಸ್ಟಿನಲ್ಲಿ ಕಳಿಸಲಾ, ಬಂದು ತಗೋತೀರಾ ಎಂದು ಕೇಳಿದ್ದ. “ಬರ್ತೀವಿ ಸಾರ್. ಅಮ್ಮನ್ನೂ ಕರ್ಕೊಂಡ್ ಬರ್ತೀನಿ” ಎಂದಿತ್ತು ಹುಡುಗಿಯ ದನಿ. ಸುಮ್ಮನೆ ಪೋಸ್ಟಿಗೆ ಹಾಕಿಬಿಡಬಹುದಾಗಿತ್ತು. ಯಾಕೆ ಕೇಳಲು ಹೋದೆ ಎಂದು ಅವನಿಗೇ ಗೊತ್ತಾಗಿರಲಿಲ್ಲ. ಹಲ್ಲು ನೋಯುತ್ತದೆ ಎಂದು ಗೊತ್ತಿದ್ದೂ ನಾಲಿಗೆ ಅಲ್ಲಿಗೇ ಹೋಗುವ ಹಾಗೆ ಆಗಿತ್ತು.

ಕೋಲಾರದ ಆ ಸರ್ಕಾರಿ ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ರಾಮಚಂದ್ರನದು ಒಂದೇ ಮೇಜು, ಒಂದೇ ಕೆಲಸ. ಯಾರನ್ನಾದರೂ ಕೊಂದರೆ ಆ ಕೇಸು ಸತ್ತವನ ಮನೆಯವರದಲ್ಲ, ಸರ್ಕಾರದ್ದು. ಕೋರ್ಟಿನಲ್ಲಿ ಮಾತಾಡುವವರು ಸರ್ಕಾರದ ವಕೀಲರು. ಕೆಲವು ಕೇಸುಗಳಲ್ಲಿ ಮನೆಯವರು ಅತ್ತು ಕರೆದು ಅರ್ಜಿ ಹಾಕಿಕೊಂಡರೆ ಸರ್ಕಾರ ಹೊರಗಿನ ಒಬ್ಬ ವಕೀಲರನ್ನು ಆ ಕೇಸಿಗೆಂದೇ ನೇಮಿಸುತ್ತದೆ, ಹಾಜರಾದ ದಿನಕ್ಕೆ ಇಷ್ಟು ಎಂದು ಕೊಡುತ್ತದೆ. ಆ ಬಿಲ್ಲುಗಳು ಬರುತ್ತಿದ್ದದ್ದು ರಾಮಚಂದ್ರನ ಮೇಜಿಗೆ. ಯಾರ ತಲೆ ಒಡೆಯಿತು, ಯಾರ ಹೆಂಡತಿ ಬಾವಿಗೆ ಬಿದ್ದಳು ಎಂಬುದು ಅಲ್ಲಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕೇಸಿನ ನಂಬರು, ದಿನಾಂಕ, ಕೋರ್ಟಿನ ಹಾಜರಾತಿ ಪತ್ರ. ವಿಚಾರಣೆ ಮುಂದೂಡಿದ ದಿನಕ್ಕೂ ಪೂರ್ತಿ ಶುಲ್ಕ ಬರೆದವರು, ಒಂದೇ ದಿನ ಎರಡು ಊರಿನ ಕೋರ್ಟಿನಲ್ಲಿದ್ದೆ ಎಂದವರು, ಎಲ್ಲರೂ ಅವನ ಕೆಂಪು ಇಂಕಿಗೆ ಸಿಕ್ಕಿಬಿದ್ದಿದ್ದರು. ಜನರ ದುಡ್ಡು ಎಂದು ಅವನು ಹೇಳಿಕೊಳ್ಳುತ್ತಿದ್ದ, ಆ ಮಾತನ್ನು ನಂಬಿಯೂ ಇದ್ದ. ಅವನ ತಂದೆ ಮುಳಬಾಗಿಲಿನ ದೇವಸ್ಥಾನವೊಂದರ ಲೆಕ್ಕ ಬರೆಯುತ್ತಿದ್ದವರು. ಹೂವು ಒಂದು ಮೊಳ ಕಡಿಮೆಯಾಗಿದೆ ಎಂದು ಒಂದು ದಿನ ಹೂವಾಡಗಿತ್ತಿಯನ್ನು ಪ್ರಾಕಾರದಲ್ಲಿ ಎಲ್ಲರೆದುರು ನಿಲ್ಲಿಸಿ ತಮ್ಮ ಮೊಳಕೈಯಿಂದಲೇ ಅಳೆದಿದ್ದರು. ಆಕೆ ಕುಳ್ಳಿ, ಅವಳ ಮೊಳವೇ ಚಿಕ್ಕದು. ಬುಟ್ಟಿ ಎತ್ತಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡು ಹೋದ ಆಕೆಯನ್ನು ನೋಡುತ್ತ ಏಳು ವರ್ಷದ ರಾಮಚಂದ್ರನಿಗೆ ಹೆಮ್ಮೆಯಾಗಿತ್ತು. ಕಂಡಕ್ಟರು ಚಿಲ್ಲರೆ ಕೊಡಲು ಭುಜ ತಟ್ಟಿದಾಗ ಅವನಿಗೆ ಆ ಹೆಮ್ಮೆ ಇಷ್ಟು ವರ್ಷದ ಮೇಲೆ ಬಾಯಿಗೆ ತುಕ್ಕಿನ ರುಚಿಯಾಗಿ ಬಂತು.

ಕಚೇರಿಗೆ ಬಂದು ಕೂತ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಫೈಲಿನಿಂದ ಎರಡು ಟಿಪ್ಪಣಿ ಹಾಳೆಗಳ ನಕಲನ್ನು ಬೇರೆ ಮಾಡಿ ಡ್ರಾಯರಿಗೆ ಹಾಕಿದ್ದು. ಹಾಗೆ ಮಾಡುವಂತೆ ನಿನ್ನೆ ಸಂಜೆಯೇ ಸೂಪರಿಂಟೆಂಡೆಂಟ್ ಮುರಳಿಮೋಹನ್ ಹೇಳಿದ್ದ. ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವನು, ಆದರೆ ರಾಮಚಂದ್ರನನ್ನು ಸಾರ್ ಎಂದೇ ಕರೆಯುತ್ತಿದ್ದ. “ಎಷ್ಟು ಅಂತ ತಾನೆ ಸಾರ್ ಕೇಳಿರೋದು? ಮೊತ್ತ ಬರೆದು ಕೊಟ್ಬಿಡಿ. ಟಿಪ್ಪಣಿ ಎಲ್ಲಾ ಯಾಕೆ? ಇನ್ನೇಳು ತಿಂಗಳಿಗೆ ರಿಟೈರ್ ಆಗ್ತೀರಿ, ಸುಮ್ನೆ ಯಾಕೆ ತಲೆನೋವು.” ಇದೇ ಮುರಳಿಮೋಹನ್ ಹಿಂದಿನ ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು, ರಾಮಚಂದ್ರ ಅವರ ಆಕ್ಷೇಪಣೆಗಳಿಂದ ಈ ವರ್ಷ ಸರ್ಕಾರಕ್ಕೆ ಹನ್ನೊಂದು ಲಕ್ಷ ಉಳಿತಾಯವಾಗಿದೆ ಎಂದು ಓದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಯಾರೋ ಒಂದು ಗುಲಾಬಿ ಕೊಟ್ಟಿದ್ದರು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ರಾಮಚಂದ್ರ ಮೀಟಿಂಗು ಮುಗಿಯುವವರೆಗೂ ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಅದೇ ವಾರವೇ ಕೋದಂಡರಾಮಪ್ಪನ ಕೇಸಿನ ತೀರ್ಪಿನ ನಕಲು ಅವನ ಮೇಜಿಗೆ ಬಂದಿತ್ತು. ಉಳಿದ ಬಿಲ್ಲಿಗೆ ಲಗತ್ತಿಸಲು ಅಷ್ಟೇ. ಎಂದೂ ತೀರ್ಪು ಓದದವನು ಅಂದು, ಊಟದ ಡಬ್ಬಿ ತೆರೆದಿಟ್ಟುಕೊಂಡು, ಎಪ್ಪತ್ತೆರಡು ಪುಟ ಓದಿದ್ದ.

ಆಮೇಲೆ ಗೊತ್ತಾಯಿತು ಅವನಿಗೆ, ತಾನು ಬಿಲ್ಲು ನೋಡುತ್ತಿದ್ದ ಕೇಸಿನಲ್ಲಿ ಏನು ನಡೆದಿತ್ತೆಂದು. ರಾಯಲ್ಪಾಡಿನ ಕಡೆಯ ಒಂದು ಮಾವಿನ ಮಂಡಿ. ಸುಗ್ಗಿಯ ಕೊನೆಯ ವಾರ. ತಕ್ಕಡಿಯಲ್ಲಿ ಏನೋ ಇದೆ, ಇನ್ನೊಂದು ಸಲ ತೂಗಿ ಎಂದಿದ್ದ ಕೋದಂಡರಾಮಪ್ಪ. ಮಂಡಿಯವನ ಇಬ್ಬರು ಮಕ್ಕಳು ಮಾತಿಗೆ ಮಾತು ಬೆಳೆಸಿ ಕಬ್ಬಿಣದ ಸಲಾಕೆಯಲ್ಲಿ ಹೊಡೆದರು. ಸುತ್ತ ಮೂವತ್ತು ಜನ ಇದ್ದರು. ನೋಡಿದೆ ಎಂದು ಪೊಲೀಸರಿಗೆ ಹೇಳಿದ್ದು ಅಕ್ಕಯಮ್ಮ ಒಬ್ಬಳೇ, ಮಂಡಿಯಲ್ಲಿ ಹಣ್ಣು ವಿಂಗಡಿಸುತ್ತಿದ್ದ ಅರವತ್ತು ದಾಟಿದ ಹೆಂಗಸು. ಕೇಸಿಗೆ ನೇಮಕವಾದ ವಿಶೇಷ ವಕೀಲೆ ಸುಮೇಧಾ, ಮುಳಬಾಗಿಲಿನವಳು, ಮೂರು ಸಲ ರಾಯಲ್ಪಾಡಿಗೆ ಹೋಗಿ ಶಾಲೆಯ ಜಗುಲಿಯಲ್ಲಿ ಆ ಮುದುಕಿಯ ಜೊತೆ ಕೂತಿದ್ದಳು. ಕೋರ್ಟೆಂದರೇನು, ಯಾರು ಎಲ್ಲಿ ನಿಂತಿರುತ್ತಾರೆ, ಕಂಡದ್ದನ್ನು ತೆಲುಗಿನಲ್ಲೇ ಹೇಳಬಹುದು, ಹೆದರಬೇಡಿ ಎಂದು. ಆ ಮೂರು ದಿನಗಳನ್ನೂ ಬಿಲ್ಲಿನಲ್ಲಿ ಸೇರಿಸಿದ್ದಳು. ರಾಮಚಂದ್ರ ಬರೆದಿದ್ದ: ಸಾಕ್ಷಿದಾರರನ್ನು ಅವರ ಊರಿನಲ್ಲಿ ಭೇಟಿ ಮಾಡಿದ ದಿನಗಳಿಗೆ ಶುಲ್ಕ ಪಾವತಿಸಲು ನಿಯಮದಲ್ಲಿ ಅವಕಾಶವಿರುವುದಿಲ್ಲ. ಅದು ಸರಿಯಾಗಿತ್ತು. ಈಗ ಯಾರು ಬಂದು ಕೇಳಿದರೂ ಅದು ಸರಿಯೇ. ಡ್ರಾಯರಿನಲ್ಲಿದ್ದ ಎರಡು ಹಾಳೆಗಳಲ್ಲಿ ಅದು ಮೊದಲನೆಯದು.

ಎರಡನೆಯದನ್ನು ನೆನೆದಾಗ ಅವನಿಗೆ ಮೊದಲು ಕಾಣುತ್ತಿದ್ದದ್ದು ಹಾಳೆಯಲ್ಲ, ಟೈಪಿಸ್ಟ್ ಸುನಂದಳ ಮುಖ. ಆವತ್ತು ಸಂಜೆ ನಾಲ್ಕಕ್ಕೆ ಸುಮೇಧಾ ಕೋರ್ಟಿನಿಂದ ನೇರವಾಗಿ ಬಂದಿದ್ದಳು. ಕಪ್ಪು ಕೋಟಿನ ಬೆನ್ನು ಬೆವರಿಗೆ ಬಿಳಿಚಿಕೊಂಡಿತ್ತು. ಎಂಟು ತಿಂಗಳ ಬಿಲ್ಲು ಬಾಕಿ. ಮೂರು ದಿನ ತೆಗೆದುಹಾಕಿ ಹೊಸದಾಗಿ ಬರೆದು ತಂದಿದ್ದಳು. “ನೀವು ಹೇಳಿದ ಹಾಗೇ ಮಾಡಿದೀನಿ ರಾಮಚಂದ್ರ ಅವರೇ. ಇದನ್ನಾದ್ರೂ ಪಾಸ್ ಮಾಡಿ.” ನಾಳೆ ನೋಡ್ತೀನಿ ಮೇಡಂ ಎಂದಿದ್ದ ಅವನು, ತಲೆಯೆತ್ತದೆ. ಬೇಕೆಂದೇ ಹಾಗೆ ಹೇಳಿದ್ದಲ್ಲ. ಎಲ್ಲರಿಗೂ ಹಾಗೇ ಹೇಳುತ್ತಿದ್ದ. ಅವಳ ದನಿ ಒಮ್ಮೆಗೇ ಏರಿತು. “ನಾಳೆ! ಆ ಮುದುಕಿ ಬಾಯಿ ತೆರೆಯೋಕೆ ಮೂರು ದಿನ ಬೇಕಾಯ್ತು ಕಣ್ರೀ. ನೀವು ಒಂದಿನ ಆದ್ರೂ ಕೋರ್ಟ್ ಮೆಟ್ಟಿಲು ಹತ್ತಿದೀರಾ? ಆ ಮನುಷ್ಯನ ಹೆಣದ ಫೋಟೋ ನೋಡಿದೀರಾ? ಫ್ಯಾನ್ ಕೆಳಗೆ ಕೂತ್ಕೊಂಡು ಕೆಂಪು ಪೆನ್ನಲ್ಲಿ ಗೀಚೋದಷ್ಟೇ ಗೊತ್ತು ನಿಮಗೆ.” ಯಾರೋ ಕುರ್ಚಿ ಸರಿಸಿದರು. ಸುನಂದ ತಲೆ ಎತ್ತಿ ನೋಡಿ, ತುಟಿ ಬಿಗಿಹಿಡಿದು, ಮತ್ತೆ ಕಂಪ್ಯೂಟರಿನ ಹಿಂದೆ ಮುಖ ಇಳಿಸಿಕೊಂಡಳು. ಅವಳು ನಕ್ಕಿದ್ದಳೋ ಇಲ್ಲವೋ ಇವತ್ತಿಗೂ ಅವನಿಗೆ ಖಚಿತವಿಲ್ಲ. ಆದರೆ ಆ ತುಟಿಯನ್ನು ಹೊತ್ತುಕೊಂಡೇ ಬಸ್ಸು ಹತ್ತಿದ್ದ, ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಎಂದು ಹೆಂಡತಿಯ ಮೇಲೆ ರೇಗಿದ್ದ, ಮೂರನೆಯ ದಿನ ಬೆಳಗ್ಗೆ ಶುಭ್ರವಾಗಿ ಕೈ ತೊಳೆದುಕೊಂಡು ಬಂದು ಹೊಸ ಟಿಪ್ಪಣಿ ಬರೆದಿದ್ದ: ಎಲ್ಲ ಹಾಜರಾತಿ ಪತ್ರಗಳ ಮೂಲ ಪ್ರತಿಗಳನ್ನು ಸಂಬಂಧಪಟ್ಟ ನ್ಯಾಯಾಲಯದಿಂದ ಮತ್ತೊಮ್ಮೆ ದೃಢೀಕರಿಸಿ ಸಲ್ಲಿಸುವಂತೆ ಸೂಚಿಸಿ ಬಿಲ್ಲನ್ನು ಹಿಂದಿರುಗಿಸಬಹುದಾಗಿದೆ. ನಿಯಮದಲ್ಲಿ ಅದಕ್ಕೂ ಅವಕಾಶವಿತ್ತು. ಯಾರಿಗೂ, ಯಾವ ಬಿಲ್ಲಿಗೂ, ಅವನು ಅದನ್ನು ಹಿಂದೆ ಬರೆದಿರಲಿಲ್ಲ. ಬಿಲ್ಲು ಹೋಯಿತು, ಏಳು ತಿಂಗಳು ಬರಲಿಲ್ಲ. ಎಂಟನೆಯ ತಿಂಗಳು ಸುಮೇಧಾಳ ನಾಲ್ಕು ಸಾಲಿನ ಪತ್ರ ಬಂತು, ಈ ಕೇಸನ್ನು ಮುಂದುವರಿಸಲು ನನ್ನಿಂದ ಆಗುತ್ತಿಲ್ಲ ಎಂದು. ಕೇಸು ದಿನಕ್ಕೆ ಇಪ್ಪತ್ತು ಕೇಸು ನೋಡುವ ಮಾಮೂಲಿ ಸರ್ಕಾರಿ ವಕೀಲರ ಕೈಗೆ ಹೋಯಿತು. ಅಕ್ಕಯಮ್ಮ ಕೋರ್ಟಿಗೆ ಬಂದಳು, ಯಾರ ಮುಖವೂ ಗುರುತಿಲ್ಲದ ಕಡೆ ನಿಂತಳು, ನಾನು ಏನೂ ನೋಡಿಲ್ಲ ಎಂದಳು. ತೀರ್ಪಿನ ಅರವತ್ತೊಂದನೆಯ ಪುಟದಲ್ಲಿ ಅದು ಎರಡು ಸಾಲು. ಅದಾದ ಮೇಲೆ ಇನ್ನೇನಿರುತ್ತದೆ? ಇಬ್ಬರೂ ಬಿಡುಗಡೆಯಾದರು.

ಹನ್ನೊಂದೂವರೆಗೆ ಅವರು ಬಂದರು. ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಲಕ್ಕೂರಿನ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಮಾಲೂರಿನಲ್ಲಿ ಗೆಳತಿಯರ ಜೊತೆ ರೂಮು. ಇವತ್ತು ರಜೆ ಹಾಕಿ ಬಂದಿದ್ದೇನೆ ಎಂದಳು. ತಾಯಿ ಆದಿಲಕ್ಷ್ಮಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಿದ್ದಳು. ಚಪ್ಪಲಿ ಹಾಕ್ಕೊಂಡೇ ಬನ್ನಿ ಎಂದು ರಾಮಚಂದ್ರ ಹೇಳಬೇಕೆಂದುಕೊಂಡ. ಎರಡು ಕುರ್ಚಿ ಎಳೆಸಿ ಕೂರಿಸಿದ. ಲಕೋಟೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ತೋರಿಸಿದ. ಚಂದನ ಸಹಿ ಹಾಕುವ ಮೊದಲು ಲಕೋಟೆ ಬಿಚ್ಚಿ ಓದಿದಳು. ಒಂದೇ ಹಾಳೆ, ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಸಾರ್, ಇದ್ರಲ್ಲಿ ಎಷ್ಟು ಕೊಟ್ರು, ಎಷ್ಟು ಬಾಕಿ ಅಂತ ಮಾತ್ರ ಇದೆ. ಯಾಕೆ ನಿಲ್ಸಿದ್ರು ಅಂತ ಇಲ್ವಲ್ಲ?”

“ಅದು ಕಚೇರಿ ಒಳಗಿನ ಪತ್ರವ್ಯವಹಾರಮ್ಮ.”

“ನಮಗೆ ಅದೇ ಸಾರ್ ಬೇಕಾಗಿರೋದು. ದುಡ್ಡಿನ ಲೆಕ್ಕ ತಗೊಂಡು ನಾವೇನು ಮಾಡೋಣ?”

ಆಗ ಆದಿಲಕ್ಷ್ಮಮ್ಮ ಮೊದಲ ಸಲ ಬಾಯಿ ತೆರೆದಳು. ಅವಳ ಕನ್ನಡದಲ್ಲಿ ತೆಲುಗಿನ ಎಳೆತವಿತ್ತು, ಪ್ರತಿ ಮಾತಿನ ಕೊನೆಯೂ ಸ್ವಲ್ಪ ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು. “ಊರಲ್ಲಿ ಏನಂತಾರೆ ಗೊತ್ತಾ ಸಾರ್? ಮಂಡಿಯೋರು ಬಹಿರಂಗವಾಗೇ ಹೇಳ್ಕೊಂಡ್ ತಿರುಗ್ತಾರೆ, ನಿಮ್ ಲಾಯರಮ್ಮನ್ನ ನಾವೇ ಕೊಂಡ್ಕೊಂಡ್ವಿ, ಅದಕ್ಕೇ ಆಯಮ್ಮ ಕೇಸ್ ಬಿಟ್ಟು ಓಡೋದ್ಳು ಅಂತ. ಎಲ್ಲರೂ ಅದೇ ಅಂತಾರೆ. ಇವಳೊಬ್ಬಳು, ಇಲ್ಲ ಅಮ್ಮ, ಆ ಮೇಡಂ ಅಂಥೋರಲ್ಲ, ಕಾಗದದಲ್ಲಿ ನೋಡೋಣ ಅಂತ ಅರ್ಜಿ ಹಾಕಿದ್ಳು. ನಿಜ ಏನು ಅಂತ ಕಾಗದದಲ್ಲಿ ಇರ್ತದಂತೆ ಅಲ್ವಾ?”

ರಾಮಚಂದ್ರ ಇದನ್ನು ಎಣಿಸಿರಲಿಲ್ಲ. ಈ ಇಪ್ಪತ್ತಾರು ದಿನ ಅವನು ತನ್ನೊಳಗೆ ಎಷ್ಟೋ ಸಲ ಈ ಇಬ್ಬರು ಹೆಂಗಸರನ್ನು ಎದುರಿಗೆ ಕೂರಿಸಿಕೊಂಡಿದ್ದ. ಅವರು ಬೈದಿದ್ದರು, ಅತ್ತಿದ್ದರು, ಇವನು ನಿಯಮ ಓದಿ ಹೇಳಿದ್ದ. ಬೇರೊಬ್ಬಳು ತನ್ನ ಹಾಳೆಯ ಕೆಳಗೆ ಉಸಿರುಗಟ್ಟಿ ಬಿದ್ದಿರಬಹುದೆಂದು ಹೊಳೆದೇ ಇರಲಿಲ್ಲ. ಮುಳಬಾಗಿಲಿನಲ್ಲಿ ವಾರಕ್ಕೊಮ್ಮೆಯಾದರೂ ಸುಮೇಧಾ ಕಣ್ಣಿಗೆ ಬೀಳುತ್ತಿದ್ದಳು, ತರಕಾರಿ ಅಂಗಡಿಯ ಮುಂದೆ, ಬ್ಯಾಂಕಿನ ಮೆಟ್ಟಿಲ ಮೇಲೆ. ಅವನು ಬೀದಿಯ ಇನ್ನೊಂದು ಮಗ್ಗುಲಿಗೆ ದಾಟುತ್ತಿದ್ದ. ಅವಳು ತನ್ನ ಮೇಲೆ ರೇಗಿದ್ದಳಲ್ಲ ಎಂಬ ಮುನಿಸಿನಿಂದ ದಾಟುತ್ತಿದ್ದೇನೆ ಎಂದುಕೊಂಡಿದ್ದ. ಮುರಳಿಮೋಹನ್ ತನ್ನ ಕೋಣೆಯ ಗಾಜಿನ ಹಿಂದಿನಿಂದ ಇತ್ತ ನೋಡುತ್ತಿದ್ದ. ರಾಮಚಂದ್ರ ಡ್ರಾಯರು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು, ಮೊಣಕಾಲಿನಿಂದ ಒತ್ತಿ ಮತ್ತೆ ಎಳೆಯಬೇಕಾಯಿತು. ಎರಡು ಹಾಳೆಗಳನ್ನು ಹುಡುಗಿಯ ಮುಂದಿಟ್ಟ.

ಅವಳು ಮೆಲ್ಲಗೆ ಗಟ್ಟಿಯಾಗಿ ಓದಿದಳು, ಒಂದೊಂದು ಸಾಲಿಗೂ ನಿಲ್ಲಿಸಿ ತಾಯಿಗೆ ತೆಲುಗಿನಲ್ಲಿ ಹೇಳುತ್ತ. “ಅವಕಾಶವಿರುವುದಿಲ್ಲ ಅಂದ್ರೇನೇ?” ಎಂದಳು ಆದಿಲಕ್ಷ್ಮಮ್ಮ. “ಕೊಡೋಕಾಗಲ್ಲ ಅಂತಮ್ಮ.” ಎರಡನೆಯ ಹಾಳೆ ಮುಗಿದಾಗ ಚಂದನ ಅದನ್ನು ತಿರುಗಿಸಿ ಹಿಂಬದಿ ಏನಾದರೂ ಇದೆಯೇ ನೋಡಿದಳು. ಏನೂ ಇರಲಿಲ್ಲ. “ಇಲ್ಲಿ ರಾಮಚಂದ್ರ ಅಂತ ಸಹಿ ಇದೆಯಲ್ಲ, ಅವರು ಯಾರು ಸಾರ್?”

“ನಾನೇ.”

ಹುಡುಗಿ ಅವನನ್ನು ದಿಟ್ಟಿಸಿದಳು. ಅವನಿಗೆ ಇಲ್ಲಿಗೆ ನಿಲ್ಲಿಸಬಹುದು ಅನ್ನಿಸಿತು. ಕಾಗದ ಕೊಟ್ಟಾಯಿತು, ಲಾಯರಮ್ಮನ ಹೆಸರು ಶುದ್ಧವಾಯಿತು, ಕಾಗದದಲ್ಲಿ ಇರುವುದೆಲ್ಲ ನಿಯಮ. ಆದರೆ ತನ್ನ ದನಿ ಆಗಲೇ ಹೊರಟುಬಿಟ್ಟಿದ್ದನ್ನು ಅವನು ಕೇಳಿಸಿಕೊಂಡ. “ಮೊದಲನೇದು ರೂಲ್ಸಮ್ಮ. ಅದನ್ನ ಬರೀಲೇಬೇಕಿತ್ತು. ಎರಡನೇದು ಬರೀಬೇಕಾಗಿರಲಿಲ್ಲ.”

“ಮತ್ತೆ ಯಾಕೆ ಬರೆದ್ರಿ?”

“ಅವರು ನನ್ನ ಬೈದಿದ್ರು. ಎಲ್ಲರ ಮುಂದೆ.”

ಎದೆಯೊಳಗಿದ್ದಾಗ ಅಷ್ಟು ದೊಡ್ಡದಾಗಿ, ಅಷ್ಟು ನ್ಯಾಯವಾಗಿ ಕಂಡಿದ್ದ ಸಂಗತಿ ಮೇಜಿನ ಮೇಲೆ ಬಂದು ಬಿದ್ದಾಗ ಇಷ್ಟೇ ಇತ್ತು, ಶಾಲೆಯಲ್ಲಿ ಯಾರೋ ಸ್ಲೇಟು ಒಡೆದರು ಎಂಬಷ್ಟು. ಸುನಂದಳ ಕೀಬೋರ್ಡಿನ ಸದ್ದು ನಿಂತಿತ್ತು. ಚಂದನ ಏನೋ ಹೇಳಲು ಬಾಯಿ ತೆರೆದಳು, ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು. “ಆ ನಿಲ್ಸಿದ ದುಡ್ಡು ಎಷ್ಟಂತೆ?” ಎಂದು ಕೇಳಿದಳು. ಮಗಳು ಹೇಳಿದಳು. ಆದಿಲಕ್ಷ್ಮಮ್ಮ ರಾಮಚಂದ್ರನ ಕಡೆ ತಿರುಗಿದಳು. “ಒಂದು ಸೀಮೆಹಸು ಮಾರಿದ್ರೆ ಬರ್ತಿತ್ತಲ್ಲ. ನಮ್ಮತ್ರ ಮೂರಿದ್ವು. ಒಂದು ಮಾತು ಕೇಳಿದ್ರೆ ಮಾರಿ ಕೊಟ್ಬಿಡ್ತಿದ್ದೆನಲ್ಲ ಸಾಮಿ.”

“ಅಮ್ಮ, ಅದು ನಾವು ಕೊಡೋದಲ್ಲ. ಸರ್ಕಾರ ಕೊಡಬೇಕಾಗಿದ್ದು” ಎಂದಳು ಚಂದನ.

“ಯಾರೋ ಕೊಡಬೇಕಿತ್ತಲ್ಲ” ಎಂದಳು ತಾಯಿ.

ಅವಳು ಅಳುತ್ತಾಳೆ ಎಂದುಕೊಂಡ ರಾಮಚಂದ್ರ. ಅವಳು ಅಳಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡತೊಡಗಿದಳು. ತೀರ್ಪು ಬಂದ ಮರುದಿನ ತಾನು ಒಬ್ಬಳೇ ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗಿದ್ದೆ ಎಂದಳು. ಮಗಳಿಗೂ ಹೇಳಿರಲಿಲ್ಲವಂತೆ. ವಿಚಾರಿಸಿಕೊಂಡು ಲಾಯರಮ್ಮನ ಮನೆ ಹುಡುಕಿದ್ದಳು. ಬಾಗಿಲ ಮುಂದೆ ನಿಂತು ಬೀದಿಯ ಮಣ್ಣು ಎರಡು ಕೈಯಲ್ಲೂ ತೆಗೆದು ತೂರಿದ್ದಳು, ನಿನ್ನ ಮನೆ ದೀಪ ಆರಿಹೋಗಲಿ ಎಂದಿದ್ದಳು, ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡಿದ್ದರು. “ಆಯಮ್ಮ ಕಿಟಕಿಯಲ್ಲಿ ನಿಂತಿದ್ಳು. ಒಂದು ಮಾತಾಡ್ಲಿಲ್ಲ. ಒಳಗೆ ಒಬ್ಬ ವಯಸ್ಸಾದ ತಾಯಿ, ಯಾರೇ ಅದು, ಯಾರೇ ಅದು ಅಂತ ಕೇಳ್ತಿದ್ಳು.” ಚಂದನ ಬಾಯಿಗೆ ಕೈ ಅಡ್ಡ ಹಿಡಿದು ತಾಯಿಯನ್ನು ನೋಡುತ್ತಿದ್ದಳು. ಆದಿಲಕ್ಷ್ಮಮ್ಮ ಎದ್ದು ನಿಂತಳು. “ನನ್ ಜೊತೆ ಬಾ ಸಾಮಿ. ನಾನೊಬ್ಬಳೇ ಹೋದ್ರೆ ಬಾಗ್ಲು ತೆಗೆಯಲ್ಲ. ನೀನು ಬಂದು ಹೇಳು, ನೀನು ಬರ್ದಿದ್ದು ಅಂತ.” ಇಷ್ಟು ಹೊತ್ತು ಸಾರ್ ಎನ್ನುತ್ತಿದ್ದವಳು ನೀನು ಎಂದಿದ್ದಳು. ಅವನಿಗೆ ಅದು ಕೆನ್ನೆಗೆ ಹೊಡೆದ ಹಾಗೆ ಆಗಬೇಕಿತ್ತು, ಆಗಲಿಲ್ಲ. ಅರ್ಧ ದಿನದ ರಜೆ ಬರೆದು ಮುರಳಿಮೋಹನ್ ಮೇಜಿನ ಮೇಲಿಟ್ಟ. “ಏನ್ ಸಾರ್ ಇದು, ನಾನು ಹೇಳಿದ್ದೇನು, ನೀವು ಮಾಡಿದ್ದೇನು” ಎಂದ ಅವನು ಪಿಸುದನಿಯಲ್ಲಿ. “ಎಲ್ಲ ಹಾಳೆಗಳ ನಕಲು ಅಂತ ಬರೆದಿದ್ರು ಅರ್ಜಿಯಲ್ಲಿ” ಎಂದ ರಾಮಚಂದ್ರ.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ತಾಯಿ ಮಗಳು ಮುಂದಿನ ಸೀಟಿನಲ್ಲಿ ಕೂತರು, ಇವನು ಹಿಂದಿನದರಲ್ಲಿ. ಹೆದ್ದಾರಿಯ ಎರಡೂ ಕಡೆ ಟೊಮೆಟೊ ಗಿಡಗಳಿಗೆ ಕಟ್ಟಿದ ಕೋಲುಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಆದಿಲಕ್ಷ್ಮಮ್ಮನ ತುರುಬಿನ ಕೆಳಗೆ ಕತ್ತಿನ ಮೇಲೆ ಬಿಸಿಲಿಗೆ ಕಂದಿದ ಒಂದು ಗೆರೆ ಇತ್ತು, ಅದರಿಂದ ಕೆಳಗಿನ ಚರ್ಮ ತೆಳ್ಳಗೆ ಬೆಳ್ಳಗೆ ಇತ್ತು. ಒಂಬತ್ತು ವರ್ಷದಲ್ಲಿ ಎಷ್ಟು ಕೇಸುಗಳ ಬಿಲ್ಲು ನೋಡಿರಬಹುದು ತಾನು? ಮುನ್ನೂರು? ನಾನೂರು? ಆ ಒಂದೊಂದರ ಹಿಂದೆಯೂ ಹೀಗೊಂದು ಕತ್ತು ಇದ್ದಿರಬೇಕು. ಹನ್ನೊಂದು ಲಕ್ಷ ಎಂದಾಗ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಅವನ ಕೈಯೂ ಇತ್ತೇನೋ, ಸಂಭ್ರಮದಲ್ಲಿ ತನಗೇ ತಾನು ತಟ್ಟಿಕೊಂಡಿದ್ದನೇನೋ, ಈಗ ನೆನಪಾಗುತ್ತಿಲ್ಲ. ಅದರಲ್ಲಿ ಕಳ್ಳ ಬಿಲ್ಲುಗಳು ನಿಜವಾಗಿಯೂ ಇದ್ದವು, ಅವನ್ನು ಹಿಡಿದದ್ದು ತಪ್ಪಲ್ಲ. ಯಾವುದು ಕಳ್ಳತನ, ಯಾವುದು ತನ್ನ ಮುನಿಸು ಎಂದು ಈಗ ಕೂತು ಬೇರೆ ಮಾಡುವುದು ಹೇಗೆ? ಎಲ್ಲದರ ಮೇಲೂ ಒಂದೇ ಕೆಂಪು, ಒಂದೇ ಸಹಿ. ಚಂದನ ಹಿಂದಕ್ಕೆ ತಿರುಗಿದಳು. ಅವಳ ಕಣ್ಣಲ್ಲಿ ಕೋಪ ಇನ್ನೂ ಇಳಿದಿರಲಿಲ್ಲ, ಆದರೆ ಬೇರೆ ಯಾರನ್ನು ಕೇಳುವುದೆಂದು ಅವಳಿಗೂ ಗೊತ್ತಿರಲಿಲ್ಲ. “ಮೇಲಿನ ಕೋರ್ಟಿಗೆ ಹೋಗೋಕೆ ಎಷ್ಟು ದಿನ ಇರುತ್ತೆ ಸಾರ್? ಸರ್ಕಾರದವರು ಹೋಗ್ತಾರಾ?” ಸರ್ಕಾರ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅಪೀಲಿಗೆ ಯೋಗ್ಯವಲ್ಲ ಎಂಬ ಅಭಿಪ್ರಾಯದ ಪತ್ರವೂ ಅದೇ ಫೈಲಿನಲ್ಲಿತ್ತು. ಅದನ್ನು ಹೇಳಿದ. ಎಷ್ಟು ದಿನ ಎಂಬುದು ಮಾತ್ರ ಗೊತ್ತಿಲ್ಲ ಎಂದ. ಅವಳು ನಂಬದವಳಂತೆ ಒಂದು ಕ್ಷಣ ನೋಡಿ ಮತ್ತೆ ಮುಂದಕ್ಕೆ ತಿರುಗಿಕೊಂಡಳು.

ಸುಮೇಧಾಳ ಮನೆ ಹಳೆಯ ಪೇಟೆಯ ಒಂದು ಓಣಿಯಲ್ಲಿತ್ತು, ಬೀದಿಗೆ ಒಂದು ಜಗುಲಿ, ಬಾಗಿಲ ಪಕ್ಕ ಬೋರ್ಡು. ಕೆಳಗೆ ಹೊಸದಾಗಿ ಬರೆಸಿತ್ತು: ಕ್ರಯಪತ್ರ, ಬ್ಯಾಂಕ್ ಸಾಲದ ದಾಖಲೆ ಪರಿಶೀಲನೆ. ಬಾಗಿಲು ತೆಗೆದವಳು ಅವಳೇ. ಕೋಟಿಲ್ಲದೆ, ಹತ್ತಿಯ ಸೀರೆಯಲ್ಲಿ, ಕನ್ನಡಕ ತಲೆಯ ಮೇಲೇರಿಸಿಕೊಂಡು ನಿಂತಿದ್ದವಳು ಆದಿಲಕ್ಷ್ಮಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆದಿಲಕ್ಷ್ಮಮ್ಮ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಆ ಕಲ್ಲನ್ನು ಒರೆಸತೊಡಗಿದಳು. ಎರಡು ತಿಂಗಳ ಹಿಂದಿನ ಮಣ್ಣು ಅಲ್ಲಿ ಎಲ್ಲಿರುತ್ತದೆ? ಆದರೂ ಒರೆಸುತ್ತಲೇ ಇದ್ದಳು. “ಏಳಿ. ಏಳೀಮ್ಮ ಅಂತೀನಿ. ಏನಿದು” ಎಂದು ಸುಮೇಧಾ ಬಗ್ಗಿ ಅವಳ ತೋಳು ಹಿಡಿದಳು. ಆಗ ರಾಮಚಂದ್ರ ಜಗುಲಿಯ ಕೆಳಗಿನಿಂದ ಹೇಳಿದ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಉದುರಿಹೋಗಿ ಉಳಿದಷ್ಟನ್ನು. “ಆ ಎರಡನೇ ಆಕ್ಷೇಪಣೆ ನಾನು ಸುಮ್ನೆ ಬರೆದಿದ್ದು ಮೇಡಂ. ಇವರಿಗೆ ಹೇಳಿದೀನಿ.”

“ನಂಗೆ ಆವತ್ತೇ ಗೊತ್ತಿತ್ತು” ಎಂದಳು ಸುಮೇಧಾ. ಅವನ ಕಡೆ ನೋಡಿಯೂ ನೋಡದ ಹಾಗೆ. “ಅದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?” ಆಮೇಲೆ ಆದಿಲಕ್ಷ್ಮಮ್ಮನ ತೋಳು ಬಿಡದೆಯೇ, ಅವಳೊಬ್ಬಳಿಗೇ ಕೇಳಿಸುವಂತೆ ಎಂಬಷ್ಟು ಮೆಲ್ಲಗೆ ಹೇಳಿದಳು. “ಇವರೊಬ್ಬರದೇ ಅಲ್ಲಮ್ಮ ತಪ್ಪು. ಬಿಲ್ಲು ಬರಲಿಲ್ಲ, ಅದಕ್ಕೆ ಬಿಟ್ಟೆ ಅಂತ ನಾನೂ ಎಲ್ಲರ ಹತ್ರ ಹೇಳ್ಕೊಂಡೆ. ದುಡ್ಡಿಲ್ದೆ ಇನ್ನೊಂದು ವರ್ಷ ಹೇಗಾದ್ರೂ ನಡೆಸಬಹುದಾಗಿತ್ತು. ನಂಗೆ ಸಾಕಾಗಿಹೋಗಿತ್ತು. ಬಿಟ್ಟ ಮೇಲೆ ಅಕ್ಕಯಮ್ಮ ಫೋ‍ನ್ ಮಾಡ್ತಾನೇ ಇದ್ಳು, ನೀವಿಲ್ದೆ ನಾನು ಹೇಗೆ ನಿಲ್ಲಲಿ ಅಂತ ಕೇಳೋಕೆ. ಎರಡು ಸಲ ಎತ್ತಿದೆ. ಆಮೇಲೆ ಎತ್ತಲಿಲ್ಲ. ನೀವು ಮಣ್ಣು ತೂರಿದ ದಿನ ನನಗೆ ಕೋಪ ಬರಲಿಲ್ಲಮ್ಮ. ಬಂದಿದ್ರೆ ಚೆನ್ನಾಗಿರ್ತಿತ್ತು.”

ಆದಿಲಕ್ಷ್ಮಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕೆನ್ನೆ ಸವರಲು ಎತ್ತಿದ ಕೈಯನ್ನು, ಎಲ್ಲಿಡಬೇಕೆಂದು ತಿಳಿಯದವಳಂತೆ, ತನ್ನ ಎದೆಯ ಮೇಲೆಯೇ ಇಟ್ಟುಕೊಂಡಳು. ಚಂದನ ಚೀಲದಿಂದ ತೀರ್ಪಿನ ನಕಲು ತೆಗೆದಳು. “ನಾವೇ ಹೋಗಬಹುದಾ ಮೇಡಂ, ಮೇಲಿನ ಕೋರ್ಟಿಗೆ?” ಸುಮೇಧಾ ಅದನ್ನು ತೆಗೆದುಕೊಳ್ಳಲು ತುಂಬ ಹೊತ್ತು ಮಾಡಿದಳು. ಕನ್ನಡಕ ಕೆಳಗಿಳಿಸಿ, ಮೊದಲ ಪುಟದ ತಾರೀಖು ನೋಡಿ, ಬೆರಳು ಮಡಿಸಿ ಎಣಿಸಿದಳು. “ಹೋಗಬಹುದು. ದಿನ ಕಡಿಮೆ ಇದೆ, ಬೇಗ ಮಾಡಬೇಕು. ನಾನು ಬರೆದುಕೊಡ್ತೀನಿ. ಬೆಂಗಳೂರಲ್ಲಿ ನಿಂತು ವಾದ ಮಾಡೋರನ್ನ ಹುಡುಕೋಣ. ಆದ್ರೆ ಗೆಲ್ತೀವಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ನೋಡಿದೋಳೇ ನೋಡಿಲ್ಲ ಅಂದ್ಮೇಲೆ ಬಹಳ ಕಷ್ಟ.” ಹುಡುಗಿ ತಲೆಯಾಡಿಸಿದಳು. ಮೂವರೂ ಒಳಗೆ ಹೋದರು. ರಾಮಚಂದ್ರನಿಗೆ ಯಾರೂ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಅವನು ಜಗುಲಿ ಹತ್ತಿ ಬಾಗಿಲ ಚೌಕಟ್ಟಿನ ಹತ್ತಿರ ನಿಂತ. ಅವನ ಮನೆಗೆ ಇಲ್ಲಿಂದ ಐದು ನಿಮಿಷದ ದಾರಿ. ಆದರೂ ಅಲ್ಲೇ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುಮೇಧಾಳ ತಾಯಿ ಜಾನಕಮ್ಮ, ಎಂಬತ್ತರ ಹತ್ತಿರದವರು, ತಟ್ಟೆಯಲ್ಲಿ ನಾಲ್ಕು ಲೋಟ ಕಾಫಿ ಇಟ್ಟುಕೊಂಡು ನಿಧಾನಕ್ಕೆ ಬಂದರು. ಕಣ್ಣು ಮಂಜಾಗಿತ್ತು. ಮಣ್ಣು ತೂರಿದವಳು ಇವಳೇ ಎಂದು ಅವರಿಗೆ ಗೊತ್ತಿದ್ದಂತಿರಲಿಲ್ಲ. ತಾಯಿ ಮಗಳಿಗೆ ಕಾಫಿ ಕೊಟ್ಟು, ಬಾಗಿಲಲ್ಲಿ ನಿಂತಿದ್ದ ಆಕಾರವನ್ನು ಗುರುತು ಹಿಡಿಯಲು ನೋಡಿ, ಆದಿಲಕ್ಷ್ಮಮ್ಮನನ್ನು ಕೇಳಿದರು. “ಅಲ್ಲಿ ನಿಂತಿರೋರು ನಿಮ್ಮ ಕಡೆಯವರೇನಮ್ಮ?”

ಆದಿಲಕ್ಷ್ಮಮ್ಮ ಬಾಗಿಲ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ದ್ವೇಷವಿರಲಿಲ್ಲ. ಅದು ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡಾದರೂ ನಿಲ್ಲುತ್ತಿದ್ದ.

“ಅಲ್ಲಮ್ಮ” ಎಂದಳು, ಯಾರದೋ ಊರಿನ ಹೆಸರು ಹೇಳುವಷ್ಟು ಸಹಜವಾಗಿ. “ಸರ್ಕಾರದ ಕಡೆಯೋರು.”

ಜಾನಕಮ್ಮ ಹಾಗಾ ಎಂದು ಅವನ ಹತ್ತಿರ ಬಂದು ಲೋಟ ಕೊಟ್ಟರು. ಅವನು ಎರಡು ಕೈಯಲ್ಲಿ ತೆಗೆದುಕೊಂಡ. ಒಳಗೆ ಸುಮೇಧಾ ತೀರ್ಪನ್ನು ಮೊದಲ ಪುಟದಿಂದ ಓದಲು ಶುರುಮಾಡಿದ್ದಳು. ಬೀದಿಯಲ್ಲಿ ಯಾವುದೋ ಟೆಂಪೋ ಹಿಂದಕ್ಕೆ ಬರುತ್ತ ಕಿರುಚುತ್ತಿತ್ತು. “ಏನೂ ಕೇಳಿಸ್ತಿಲ್ಲ, ಬಾಗ್ಲು ಸ್ವಲ್ಪ ಮುಂದೆ ಮಾಡು ಚಂದನ” ಎಂದಳು ಸುಮೇಧಾ. ಹುಡುಗಿ ಎದ್ದು ಬಂದು ಬಾಗಿಲ ಹಿಡಿಕೆ ಹಿಡಿದು ಅವನ ಮುಂದೆ ನಿಂತಳು, ಕಾದಳು. ರಾಮಚಂದ್ರ ಲೋಟ ತುಳುಕದಂತೆ ನೋಡಿಕೊಂಡು ಒಂದು ಹೆಜ್ಜೆ ಹಿಂದಕ್ಕಿಟ್ಟು ಅವಳಿಗೆ ಬಾಗಿಲು ಹಾಕಿಕೊಳ್ಳಲು ಜಾಗ ಬಿಟ್ಟ.